ಗಣಕಯಂತ್ರದಲ್ಲಿ ಮನೆಯ ಲೆಕ್ಕ: ರಕ್ಷಣೆಯ ವಿಚಾರ

ಬಸವಣ್ಣನವರು ಬಿಜ್ಜಳನಲ್ಲಿ ಭಂಡಾರಿಗಳಾಗಿದ್ದರೆಂಬುದು ಸರ್ವವಿದಿತ. ಭಂಡಾರದ ಹಣ ತನ್ನದಲ್ಲವೆಂಬ ಅರಿವಿನಿಂದ ಅದನ್ನು ಕಾಯ್ದು, ಕೇಳಿದಾಗ ಲೆಕ್ಕವೊಪ್ಪಿಸುವುದೇ ಭಂಡಾರಿಯ ಕಾಯಕ. ಸಂಸಾರದ ಲೆಕ್ಕವಿಡುವ ಗೃಹಸ್ಥನೂ ಒಂದರ್ಥದಲ್ಲಿ ಭಂಡಾರಿಯೇ ಸರಿ. ಹಿಂದೆ ಖಾತೆಪುಸ್ತಕ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತಿತ್ತು. ಇಂದು ಠೇವಣಿ, ವಿಮೆ, ಸಾಲದ ಕಂತು, ಆದಾಯ ತೆರಿಗೆಗಳ ವಿವರವೆಲ್ಲ ಮನೆಯ ಗಣಕಯಂತ್ರವನ್ನು ಸೇರಿದೆ. ಪೆಟ್ಟಿಗೆಗೆ ತಪ್ಪದೆ ಬೀಗ ಹಾಕುತ್ತಿದ್ದ ನಾವು ಈ ಯಂತ್ರವನ್ನು ಮಾತ್ರ ತೆರೆದಿಟ್ಟು ನಿಶ್ಚಿಂತರಾಗಿದ್ದೇವೆ.

ಈ ಲೆಕ್ಕಕ್ಕೆ ಒದಗುವ ಅಪಾಯಗಳು ಮೂರು. ಮೊದಲನೆಯದು ಕಳವು. ಲೆಕ್ಕವಿರುವ ಯಂತ್ರಕ್ಕೆ ದೀರ್ಘವಾದ ಗುಪ್ತಪದವಿರಲಿ. ಅದನ್ನೇ ಬ್ಯಾಂಕಿಗೂ ಇಮೇಲಿಗೂ ಬಳಸಬಾರದು. ಮಕ್ಕಳ ಆಟಪಾಠಗಳಿಗೆ ಬೇರೆ ಬಳಕೆದಾರ ಖಾತೆಯನ್ನು ತೆರೆದುಕೊಡಬೇಕು. ಕಡತವನ್ನು 'ಡಿಲೀಟ್' ಮಾಡಿದ ಮಾತ್ರಕ್ಕೆ ಅದು ಅಳಿಯಿತೆಂದು ತಿಳಿಯಲಾಗದು. ಬಲ್ಲವರು ಅದನ್ನು ಮರಳಿ ತೆಗೆಯಬಹುದು. ಆದುದರಿಂದ ಹಳೆಯ ಯಂತ್ರವನ್ನು ಮಾರುವ ಮುನ್ನ ಅದರ ಡಿಸ್ಕನ್ನು ತೆಗೆದಿರಿಸಿಕೊಳ್ಳುವುದು ಕ್ಷೇಮ. ಬ್ಯಾಂಕಿನ ಹೆಸರು ಹೇಳಿ ಒಟಿಪಿ ಕೇಳುವವರು ವಂಚಕರೇ. ಹಣ ಹೋಯಿತೆಂದು ತಿಳಿದೊಡನೆ ಬ್ಯಾಂಕಿಗೂ 1930 ಸಂಖ್ಯೆಗೂ ದೂರು ಕೊಡಬೇಕು. ಇಲ್ಲಿ ವಿಳಂಬವೇ ನಷ್ಟ.

ಎರಡನೆಯದು ನಾಶ. 2017ರ ಮೇ 12ರಂದು ಹರಡತೊಡಗಿದ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳನ್ನು ಓದಲಾಗದ ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷದ ಮಾರ್ಚ್ 14ರಂದೇ ಪ್ರಕಟಿಸಿತ್ತು. ಯಂತ್ರವು 'ಅಪ್‌ಡೇಟ್' ಕೇಳಿದಾಗ ನಾಳೆಗೆಂದು ಮುಂದೂಡುವವರು ಇದನ್ನು ನೆನೆಯಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಅದನ್ನು ಬಳಸುವವರು ಮುಂದಿನ ವ್ಯವಸ್ಥೆಯನ್ನು ಈಗಲೇ ಯೋಚಿಸುವುದು ಲೇಸು. ತಿಂಗಳಿಗೊಮ್ಮೆ ಲೆಕ್ಕದ ಪ್ರತಿಯನ್ನು ಹೊರಗಿನ ಡಿಸ್ಕಿಗೆ ಇಳಿಸಿ, ಅದನ್ನು ಯಂತ್ರದಿಂದ ಬಿಡಿಸಿಡಬೇಕು. ಜೋಡಿಸಿಯೇ ಬಿಟ್ಟರೆ ಇಂಥ ತಂತ್ರಾಂಶ ಪ್ರತಿಯನ್ನೂ ಕೆಡಿಸುತ್ತದೆ.

ಮೂರನೆಯ ಅಪಾಯವು ಹೊರಗಿನಿಂದ ಬರುವುದಲ್ಲ. ಕಳ್ಳನಿಗೆ ಹೆದರಿ ಹಾಕಿದ ಬೀಗ ಮನೆಯವರನ್ನೇ ಹೊರಗಿಟ್ಟರೆ ಅದು ರಕ್ಷಣೆಯೆನಿಸದು. ಯಜಮಾನ ಹಠಾತ್ತನೆ ಲಿಂಗೈಕ್ಯನಾದರೆ, ಯಾವ ಬ್ಯಾಂಕಿನಲ್ಲಿ ಏನಿದೆ, ಯಾವ ವಿಮೆಯ ಕಂತು ಎಂದು ತೀರುತ್ತದೆ ಎಂಬುದನ್ನರಿಯದ ಮಡದಿ ದುಃಖದ ನಡುವೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಅನುಭವ ಮಂಟಪದಲ್ಲಿ ಶರಣೆಯರು ಶರಣರಿಗೆ ಸಮನಾಗಿ ಕುಳಿತರೆಂದು ಅಭಿಮಾನದಿಂದ ಹೇಳಿಕೊಳ್ಳುವ ನಾವು, ಲೆಕ್ಕದ ಮುಂದೆ ಮಡದಿಯನ್ನು ದೂರವಿಡುವುದು ಯಾವ ನ್ಯಾಯ?

ಖಾತೆಗಳ ಪಟ್ಟಿಯನ್ನೂ ಯಂತ್ರದ ಗುಪ್ತಪದವನ್ನೂ ಕಾಗದದಲ್ಲಿ ಬರೆದು, ಲಕೋಟೆಯನ್ನು ಮುಚ್ಚಿ, ಆಭರಣವಿಡುವಲ್ಲಿ ಇಡಿರಿ. ಲಕೋಟೆಯಿರುವ ತಾಣವನ್ನು ಮಡದಿಗೂ, ಪ್ರಾಪ್ತವಯಸ್ಕರಾದ ಮಗ ಅಥವಾ ಮಗಳಿಗೂ ತಿಳಿಸಿರಿ. ಗುಪ್ತಪದ ಬದಲಾದಾಗ ಕಾಗದವೂ ಬದಲಾಗಲಿ. ವರ್ಷಕ್ಕೊಮ್ಮೆ, ಬಸವ ಜಯಂತಿಯಂದೇ ಆಗಲಿ, ಮನೆಮಂದಿಯೆಲ್ಲ ಕುಳಿತು ಆ ಲೆಕ್ಕವನ್ನು ನೋಡಲಿ. ಹೊರಗಿನವರಿಗೆ ಮುಚ್ಚಿದ್ದು, ಒಳಗಿನವರಿಗೆ ತೆರೆದಿದ್ದರೆ ಮಾತ್ರ ಭಂಡಾರವು ಭದ್ರ.