ಸ್ಕಿಜೋಫ್ರೇನಿಯ ಮತ್ತು ಮಿದುಳಿನ ಗ್ರಾಹಿಗಳು: ಒಂದು ಟಿಪ್ಪಣಿ

ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಯ ಕನ್ನಡ ಕುಟುಂಬಗಳಿಗೆ ಸ್ಕಿಜೋಫ್ರೇನಿಯ ರೋಗವು ಮರಾಠಿಯ 'ಛಿನ್ನಮನಸ್ಕತಾ' ಎಂಬ ಹೆಸರಿನಿಂದ ಪರಿಚಯವಾಗುವುದುಂಟು. ಕನ್ನಡದಲ್ಲಿ 'ಇಚ್ಚಿತ್ತವಿಕಲತೆ' ಎಂಬ ಪದವಿದೆ. ಎರಡೂ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ೧೯೦೮ರಲ್ಲಿ ಬಳಕೆಗೆ ತಂದ ಗ್ರೀಕ್ ಮೂಲದ ಪದದ ನೆರಳುಗಳು. ಒಬ್ಬನಲ್ಲಿ ಇಬ್ಬರಿದ್ದಾರೆಂಬ ತಪ್ಪು ಗ್ರಹಿಕೆಗೆ ಎಡೆಗೊಡುವಂಥವು. 'ರಿಸೆಪ್ಟರ್'ಗೆ ಸಲ್ಲುವ 'ಗ್ರಾಹಕ' ಎಂಬ ಪದವೂ ನಿರಪಾಯವಾದುದಲ್ಲ. ಕನ್ನಡ, ಮರಾಠಿಗಳೆರಡರಲ್ಲೂ ಅದಕ್ಕೆ ಗಿರಾಕಿಯೆಂದೇ ಅರ್ಥ. ಆದುದರಿಂದ ಇಲ್ಲಿ 'ಗ್ರಾಹಿ' ಎಂದು ಬಳಸಿದ್ದೇವೆ.

ಠಾಣೆಯ ಮನೋರೋಗ ಆಸ್ಪತ್ರೆ ಆರಂಭವಾದ ೧೯೦೧ರಲ್ಲಿ ಈ ರೋಗದ ರಾಸಾಯನಿಕ ನೆಲೆ ಯಾರಿಗೂ ತಿಳಿದಿರಲಿಲ್ಲ. ಡೋಪಮಿನ್ ಎಂಬುದು ಮಿದುಳಿನ ಸಂದೇಶವಾಹಕವೆಂದು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಕಂಡುಕೊಂಡುದು ೧೯೫೦ರ ದಶಕದ ಕೊನೆಗೆ. ಒಂದು ನರಕೋಶ ಅದನ್ನು ಸ್ರವಿಸುತ್ತದೆ. ಮುಂದಿನ ಕೋಶದ ಮೇಲಿನ ಗ್ರಾಹಿಗಳು ಅದನ್ನು ಬರಮಾಡಿಕೊಳ್ಳುತ್ತವೆ. ಕ್ಲೋರ್‌ಪ್ರೋಮಜಿನ್, ಹ್ಯಾಲೋಪೆರಿಡಾಲ್ ಮೊದಲಾದ ಔಷಧಗಳು 'ಡಿ-೨' ಎಂಬ ಗ್ರಾಹಿಗೆ ಅಡ್ಡಗಟ್ಟುತ್ತವೆಂಬುದು ೧೯೭೦ರ ದಶಕದಲ್ಲಿ ಖಚಿತವಾಯಿತು. ಹಾಗಾದರೆ ರೋಗಿಯಲ್ಲಿ ಗ್ರಾಹಿಗಳೇ ಮಿತಿಮೀರಿರಬೇಕೆಂಬ ಊಹೆ ಸಹಜವಾಗಿತ್ತು. ಮೃತ ರೋಗಿಗಳ ಮಿದುಳಿನ ಪರೀಕ್ಷೆಯೂ ಅದನ್ನು ಸಮರ್ಥಿಸುವಂತೆ ತೋರಿತು.

ಆದರೆ ಆ ರೋಗಿಗಳಲ್ಲಿ ಬಹುಪಾಲು ಜನ ವರ್ಷಗಟ್ಟಲೆ ಔಷಧ ಸೇವಿಸಿದವರು. ಹ್ಯಾಲೋಪೆರಿಡಾಲ್ ಕೊಟ್ಟ ಇಲಿಗಳಲ್ಲಿಯೂ ಗ್ರಾಹಿಗಳು ಹೆಚ್ಚಿದುದನ್ನು ೧೯೭೭ರಲ್ಲಿ ಗುರುತಿಸಲಾಯಿತು: ದನಿ ತಗ್ಗಿದಾಗ ಕಿವಿ ನಿಮಿರುವಂತೆ, ಅಡ್ಡಗಟ್ಟಿದ ಕೋಶ ಹೊಸ ಗ್ರಾಹಿಗಳನ್ನು ಬೆಳೆಸಿಕೊಳ್ಳುತ್ತದೆ. ಮುಂದೆ, ಔಷಧವನ್ನೇ ಮುಟ್ಟದ ರೋಗಿಗಳ ಮಿದುಳನ್ನು 'ಪೆಟ್' ಚಿತ್ರಣದಿಂದ ಪರೀಕ್ಷಿಸಿದಾಗ, ಒಂದೆರಡು ಆರಂಭದ ವರದಿಗಳನ್ನು ಬಿಟ್ಟರೆ, ಗ್ರಾಹಿಗಳಲ್ಲಿ ಗಣನೀಯ ಹೆಚ್ಚಳ ಸ್ಥಿರಪಡಲಿಲ್ಲ. ಹೆಚ್ಚಿರುವುದು ಡೋಪಮಿನ್‌ನ ಉತ್ಪಾದನೆ ಮತ್ತು ಸ್ರಾವ. ಯಾವುದು ಮುಖ್ಯವೆಂದು ಮಿದುಳಿಗೆ ಸೂಚಿಸುವ ಈ ದ್ರವ್ಯ ಹೊತ್ತಲ್ಲದ ಹೊತ್ತಿನಲ್ಲಿ ಸ್ರವಿಸಿದಾಗ, ಡೊಂಬಿವಲಿ ನಿಲ್ದಾಣದ ಧ್ವನಿವರ್ಧಕದ ಪ್ರಕಟಣೆಯೂ ತನ್ನನ್ನೇ ಕುರಿತುದೆಂದು ರೋಗಿಗೆ ತೋರಬಹುದು. ಇದಿಷ್ಟೇ ರೋಗದ ಸಮಗ್ರ ಕಥೆಯಲ್ಲ. ಗ್ಲುಟಮೇಟ್‌ನ ಗ್ರಾಹಿಗಳ ಪಾತ್ರವೂ ಚರ್ಚೆಯಲ್ಲಿದೆ. ಡಿ-೨ನ್ನು ತಡೆಯದೆ, ಮಸ್ಕರಿನಿಕ್ ಗ್ರಾಹಿಗಳ ಮೂಲಕ ಕೆಲಸ ಮಾಡುವ ಔಷಧವೊಂದಕ್ಕೆ ಅಮೆರಿಕವು ೨೦೨೪ರಲ್ಲಿ ಮನ್ನಣೆ ನೀಡಿದೆ.

"ಔಷಧವೇ ಗ್ರಾಹಿಗಳನ್ನು ಹೆಚ್ಚಿಸುವುದಾದರೆ ನಿಲ್ಲಿಸಿಬಿಡುವುದೇ ಲೇಸಲ್ಲವೇ ಸರ್?" ಎಂದು ಡೊಂಬಿವಲಿಯ ತಾಯಿಯೊಬ್ಬರು ನಮ್ಮನ್ನು ಕೇಳಿದ್ದರು. ಮಗ ಎರಡು ಬಾರಿ ಹಾಗೆ ನಿಲ್ಲಿಸಿ ಎರಡು ಬಾರಿಯೂ ಆಸ್ಪತ್ರೆ ಸೇರಿದ್ದ. ಸಾಹಿತ್ಯದ ಅಧ್ಯಾಪಕರಾದ ನಮಗೆ ಅಂದು ಉತ್ತರ ಹೊಳೆಯಲಿಲ್ಲ. ಉತ್ತರ ಇಷ್ಟು: ಸೂಕ್ಷ್ಮಗೊಂಡ ಗ್ರಾಹಿಗಳಿಗೆ ಅಡ್ಡಿ ಒಮ್ಮೆಲೇ ತೊಲಗಿದರೆ ಡೋಪಮಿನ್ ಇನ್ನಷ್ಟು ಬಿರುಸಾಗಿ ತಾಕಬಹುದು, ಆಗ ರೋಗ ಮರುಕಳಿಸುವ ಸಂಭವ ಹೆಚ್ಚು. ಆದರೆ ಪ್ರಮಾಣ ತಗ್ಗಿಸುವುದು ಬೇರೆಯೇ ಮಾತು. ಈ ಬಗೆಯ ಬಹುಪಾಲು ಔಷಧಗಳಲ್ಲಿ ಶೇಕಡ ೬೫ರಷ್ಟು ಡಿ-೨ ಗ್ರಾಹಿಗಳನ್ನು ತಡೆದರೆ ಗುಣ ಕಾಣತೊಡಗುತ್ತದೆ. ೮೦ನ್ನು ಮೀರಿದರೆ ನಡುಕ, ಬಿಗಿತಗಳು ಹೆಚ್ಚುತ್ತವೆ. ಮಗನ ಕೈ ನಡುಗುತ್ತಿದ್ದರೆ ಆ ತಾಯಿ ಮಾತ್ರೆಯನ್ನು ಬಚ್ಚಿಡಬೇಕಾಗಿಲ್ಲ. ಪ್ರಮಾಣವನ್ನು ಕುರಿತು ವೈದ್ಯರನ್ನು ನೇರವಾಗಿ ಕೇಳಬಹುದು.