ಅಂಕ ಕಡಿಮೆ ಬಂದರೆ ಬುದ್ಧಿ ಕಡಿಮೆಯೆ?

ಹತ್ತನೇ ತರಗತಿಯ ಫಲಿತಾಂಶ ಬಂದ ದಿನ. ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ತಡವಾಗಿ ಬಂದರು. ಪುಸ್ತಕ ತೆರೆಯಲಿಲ್ಲ. ಸುಮ್ಮನೆ ಕುಳಿತರು.

"ಯಾಕಕ್ಕ?" ಎಂದೆ.

"ನನ್ನ ಮಗಳು ಫೇಲು, ಟೀಚರಮ್ಮ. ಗಣಿತದ ಪೇಪರಿನಲ್ಲಿ ಬರೀ 9. ಅವಳ ತಲೇಲಿ ಏನೂ ಇಲ್ಲ. ಓದು ಬಿಡಿಸಿಬಿಡ್ತೀನಿ" ಎಂದರು.

ತಲೆಯಲ್ಲಿ ಏನೂ ಇಲ್ಲವೆ? ಆ ಹುಡುಗಿ ನನಗೆ ಗೊತ್ತು. ಮನೆಯ ಹಾಲಿನ ಲೆಕ್ಕ ಅವಳದೇ. ಬೆಳಿಗ್ಗೆ ಆರು ಲೀಟರು, ಸಂಜೆ ನಾಲ್ಕೂವರೆ. ಹದಿನೈದು ದಿನಕ್ಕೆ ಎಷ್ಟು? ನೂರೈವತ್ತೇಳೂವರೆ ಎಂದು ಬಾಯಲ್ಲೇ ಹೇಳುತ್ತಾಳೆ. ಒಮ್ಮೆ ಡೇರಿ ಪುಸ್ತಕದಲ್ಲಿ ಹತ್ತು ಲೀಟರು ಕಡಿಮೆ ಬರೆದಿದ್ದರು. ತಪ್ಪು ಹಿಡಿದವಳು ಅವಳೇ. ಅವತ್ತು ಇದೇ ತಾಯಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು!

ಹಾಗಾದರೆ 9 ಯಾಕೆ ಬಂತು?

ಪರೀಕ್ಷೆ ಏನನ್ನು ಅಳೆಯುತ್ತದೆ, ನೋಡೋಣ. ಎಸ್.ಎಸ್.ಎಲ್.ಸಿ.ಗೆ ಒಟ್ಟು 625 ಅಂಕ. ಗಣಿತಕ್ಕೆ 100. ಅದರಲ್ಲಿ 20 ಅಂಕ ಶಾಲೆಯಲ್ಲೇ ಕೊಡುತ್ತಾರೆ. ಉಳಿದ 80 ಅಂಕ ಪೇಪರಿಗೆ. ಸುಮಾರು ಮೂರು ಗಂಟೆಯಲ್ಲಿ, ಪಾಠದಿಂದ ಕೇಳಿದ್ದನ್ನು ಎಷ್ಟು ಸರಿಯಾಗಿ ಬರೆದಳು? ಪೇಪರು ಅಷ್ಟನ್ನೇ ಅಳೆಯುತ್ತದೆ. ಸೇರಿನಲ್ಲಿ ಅಕ್ಕಿ ಅಳೆಯಬಹುದು. ಬಟ್ಟೆ ಅಳೆಯಲು ಆದೀತೆ?

ಅಳತೆ ಸುಳ್ಳು ಎಂದಲ್ಲ. ನಾನೂ ಅಂಕ ಹಾಕುವವಳೇ. ಪುಸ್ತಕದ ಗಣಿತ ಅವಳಿಗೆ ಬರಲಿಲ್ಲ ಎಂದು ಆ 9 ಹೇಳುತ್ತದೆ. ಯಾಕೆ ಬರಲಿಲ್ಲ ಎಂದು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು.

ಹುಡುಕಿದೆವು. ಅವಳು ಎಂಟನೇ ತರಗತಿಯಲ್ಲಿದ್ದಾಗ ತಾಯಿಗೆ ಆಪರೇಷನ್ ಆಯಿತು. ಹುಡುಗಿ ಮೂರು ತಿಂಗಳು ಶಾಲೆಗೆ ಹೋಗಲಿಲ್ಲ. ಬೀಜಗಣಿತದ ಪಾಠ ನಡೆದದ್ದು ಆಗಲೇ. ಅಂಕಿಯ ಬದಲು ಅಕ್ಷರ ಇಟ್ಟು ಮಾಡುವ ಲೆಕ್ಕ ಅದು. ಗಣಿತ ಮೆಟ್ಟಿಲಿದ್ದ ಹಾಗೆ. ಕೆಳಗಿನ ಮೆಟ್ಟಿಲು ಇಲ್ಲದಿದ್ದರೆ ಮೇಲಿನದಕ್ಕೆ ಕಾಲು ಎಟುಕದು. ಜೊತೆಗೆ ಬೆಳಿಗ್ಗೆ ನೀರು, ಸಂಜೆ ಹುಲ್ಲು. ರಾತ್ರಿ ಪುಸ್ತಕ ಹಿಡಿದರೆ ನಿದ್ದೆ. ತಮ್ಮನಿಗೆ ಟ್ಯೂಷನ್ ಇತ್ತು, ಇವಳಿಗೆ ಇರಲಿಲ್ಲ. ಇದನ್ನು ಹೇಳುವಾಗ ತಾಯಿ ತಲೆ ತಗ್ಗಿಸಿದರು.

ದೊಡ್ಡವರಿಗೂ ಹೀಗೆ ಆಗಿದೆ. ಗಣಿತದ ಮೇಧಾವಿ ರಾಮಾನುಜನ್ ಹೆಸರು ಕೇಳಿದ್ದೀರಾ? ತಮಿಳುನಾಡಿನ ಕುಂಭಕೋಣದಲ್ಲಿ ಓದಿದವರು. 1904ರಲ್ಲಿ ಹೈಸ್ಕೂಲಿನಲ್ಲಿ ಗಣಿತಕ್ಕೆ ಬಹುಮಾನ ಪಡೆದರು. ಕಾಲೇಜಿನಲ್ಲಿ ಬೇರೆ ವಿಷಯಗಳನ್ನು ಓದಲೇ ಇಲ್ಲ. ವಿದ್ಯಾರ್ಥಿವೇತನ ಹೋಯಿತು, ಪರೀಕ್ಷೆಯಲ್ಲಿ ಫೇಲಾದರು. ಅದೇ ತಲೆ, ಅದೇ ಬುದ್ಧಿ! 1918ರಲ್ಲಿ ಇಂಗ್ಲೆಂಡಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರಾಗಿ ಆರಿಸಿತು. ಫೇಲಾದವರೆಲ್ಲ ರಾಮಾನುಜನ್ ಆಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಅಂಕಪಟ್ಟಿ ನೋಡಿ ಮಗುವಿಗೆ "ದಡ್ಡಿ" ಎಂದು ಹೆಸರಿಡಬೇಡಿ. ಕೇಳಿ ಕೇಳಿ ಮಗು ಅದನ್ನೇ ನಂಬುತ್ತದೆ.

ಅಂಕ ಬೇಡವೆ? ಬೇಕು. ಕಾಲೇಜಿಗೂ ಕೆಲಸಕ್ಕೂ ಅಂಕಪಟ್ಟಿ ಕೇಳುತ್ತಾರೆ. ಅದಕ್ಕೇ ಓದು ಬಿಡಿಸಬಾರದು. ನಮ್ಮ ರಾಜ್ಯದಲ್ಲಿ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಈ ಪರೀಕ್ಷೆ ಬರೆಯುವ ಅವಕಾಶವಿದೆ. ಪಾಸಾದ ವಿಷಯ ಮತ್ತೆ ಬರೆಯಬೇಕಿಲ್ಲ. ಅಂಕದ ಮೇಲೆ ಅನುಮಾನವಿದ್ದರೆ ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡಬಹುದು. ಶಾಲೆಯ ಮುಖ್ಯೋಪಾಧ್ಯಾಯರನ್ನು ಕೂಡಲೇ ಕೇಳಿ, ಅರ್ಜಿಗೆ ಕೊಡುವ ದಿನ ಕಡಿಮೆ.

ಹುಡುಗಿ ಎರಡನೇ ಪರೀಕ್ಷೆಗೆ ಅರ್ಜಿ ಹಾಕಿದ್ದಾಳೆ. ನಮ್ಮ ಕೇಂದ್ರದಲ್ಲೇ ಒಂದು ಮೂಲೆಯಲ್ಲಿ ಕುಳಿತು ಬೀಜಗಣಿತ ಕಲಿಯುತ್ತಿದ್ದಾಳೆ. ಪಕ್ಕದಲ್ಲಿ ತಾಯಿ ಕಾಗುಣಿತ ಬರೆಯುತ್ತಾರೆ. ಮನೆಗೆ ನೀರು ಈಗ ತಮ್ಮ ತರುತ್ತಾನೆ.