ಹುಸೇನ್ ಸಾಗರದ ದಂಡೆಯ ಓಟಗಾರರು

ಪದಕಕ್ಕಾಗಲಿ ನೌಕರಿಯ ಆಯ್ಕೆಗಾಗಲಿ ಅಲ್ಲದೆ, ಕೇವಲ ಆರೋಗ್ಯಕ್ಕೂ ಸಂತೋಷಕ್ಕೂ ಓಡುವುದನ್ನು ಹವ್ಯಾಸಿ ಓಟವೆನ್ನುತ್ತಾರೆ. ಹೈದರಾಬಾದಿನಲ್ಲಿ ಈ ಹವ್ಯಾಸ ಕಳೆದ ಎರಡು ದಶಕಗಳಲ್ಲಿ ಬೆಳೆದ ಬಗೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಆ ನಗರ ಬೆಳೆದ ಬಗೆಯನ್ನು ಮೊದಲು ನೋಡಬೇಕಾಗುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಬೀದರ್, ಕಲಬುರಗಿ, ರಾಯಚೂರುಗಳಿಂದ ಓದಿಗೂ ನೌಕರಿಗೂ ಬಂದ ಕನ್ನಡಿಗರು ಭಾಷೆಯ ನಂಟಿನಿಂದ ಒಂದುಗೂಡಿದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಸಂಸ್ಥೆಗಳು ಆ ನಂಟಿನ ಫಲ. ಆದರೆ ನಗರದ ಪಶ್ಚಿಮಕ್ಕೆ, ಮಾಧಾಪುರ, ಕೊಂಡಾಪುರ, ಗಚ್ಚಿಬೌಲಿಗಳ ಕಡೆ ಮಾಹಿತಿ ತಂತ್ರಜ್ಞಾನದ ಕಂಪನಿಗಳು ನೆಲೆಯೂರಿದ ಮೇಲೆ, ದೇಶದ ಎಲ್ಲ ರಾಜ್ಯಗಳಿಂದ ಬಂದವರು ಒಂದೇ ವಸತಿ ಸಮುಚ್ಚಯದಲ್ಲಿ ವರ್ಷಗಟ್ಟಲೆ ಇದ್ದರೂ ಎದುರುಮನೆಯವರ ಹೆಸರು ತಿಳಿಯದ ಸ್ಥಿತಿ ಉಂಟಾಯಿತು. ಭಾಷೆ, ಜಾತಿ, ಊರು ಯಾವುದೂ ಒಂದಲ್ಲದ ಇಂಥವರಿಗೆ ನೆರೆಹೊರೆಯೆಂಬುದನ್ನು ಹೊಸದಾಗಿ ಕಟ್ಟಿಕೊಟ್ಟ ಸಂಗತಿಗಳಲ್ಲಿ ಬೆಳಗಿನ ಓಟವೂ ಒಂದು.

2007ರಲ್ಲಿ ಕೆಲವೇ ಹವ್ಯಾಸಿಗಳಿಂದ ಆರಂಭವಾದ ‘ಹೈದರಾಬಾದ್ ರನ್ನರ್ಸ್’ ಎಂಬ ಬಳಗ ಈ ಬೆಳವಣಿಗೆಯ ನಡುವೆ ನಿಂತಿದೆ. ವಾರಾಂತ್ಯದ ಬೆಳಗಿನ ಜಾವ ಒಂದು ನಿಶ್ಚಿತ ಜಾಗದಲ್ಲಿ ಸೇರುವುದು, ಕೂಡಿ ಓಡುವುದು, ಆಮೇಲೆ ಚಹಾ ಕುಡಿದು ಚದುರುವುದು, ಇಷ್ಟೇ ಇದರ ಮೂಲ ಸ್ವರೂಪ. ಇದೇ ಬಳಗ 2011ರಲ್ಲಿ ನಗರದ ಮ್ಯಾರಥಾನನ್ನು ಆರಂಭಿಸಿತು. ಮ್ಯಾರಥಾನ್ ಎಂದರೆ 42.195 ಕಿಲೋಮೀಟರಿನ ಓಟ. ಅದರ ಅರ್ಧದಷ್ಟು ದೂರದ ಹಾಫ್ ಮ್ಯಾರಥಾನ್, 10 ಕಿಲೋಮೀಟರ್ ಮತ್ತು 5 ಕಿಲೋಮೀಟರ್ ಓಟಗಳೂ ಅದರ ಜೊತೆಗೆ ನಡೆಯುತ್ತವೆ. ಈಚಿನ ವರ್ಷಗಳಲ್ಲಿ ಎಲ್ಲ ವಿಭಾಗಗಳನ್ನೂ ಸೇರಿಸಿದರೆ ಓಡುವವರ ಸಂಖ್ಯೆ 20 ಸಾವಿರವನ್ನು ಮೀರುತ್ತದೆ.

ಈ ಮ್ಯಾರಥಾನ್ ಸುಲಭದ್ದಲ್ಲ. ಸಾಮಾನ್ಯವಾಗಿ ಆಗಸ್ಟ್ ಕೊನೆಯಲ್ಲಿ, ಮಳೆಗಾಲದ ತೇವ ಗಾಳಿಯಲ್ಲಿ ತುಂಬಿರುವಾಗ ನಡೆಯುವುದರಿಂದ ಮೈಯ ಬೆವರು ಆರುವುದೇ ಇಲ್ಲ. ಬೆವರು ಆರದಿದ್ದರೆ ದೇಹದ ಬಿಸಿ ಇಳಿಯದು, ಬಿಸಿ ಇಳಿಯದಿದ್ದರೆ ದಣಿವು ಬೇಗ ಆವರಿಸುತ್ತದೆ. ಮೊದಲ ಕೆಲವು ಕಿಲೋಮೀಟರುಗಳು ಹದಿನಾರನೆಯ ಶತಮಾನದಲ್ಲಿ ಕುತುಬ್‌ಶಾಹಿಗಳು ಕಟ್ಟಿಸಿದ ಹುಸೇನ್ ಸಾಗರ ಕೆರೆಯ ಸುತ್ತ ಸಪಾಟಾದ ರಸ್ತೆಯಲ್ಲಿ ಸಾಗುತ್ತವೆ. ಆಮೇಲೆ ದಖ್ಖನ್ನಿನ ಕಲ್ಲುಬಂಡೆಗಳ ಮೇಲೆಯೇ ಎದ್ದಿರುವ ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್‌ಗಳ ಏರಿಳಿತ, ನಡುನಡುವೆ ಮೇಲ್ಸೇತುವೆಗಳು, 2020ರಲ್ಲಿ ತೆರೆದ ದುರ್ಗಂ ಚೆರುವು ಕೆರೆಯ ಕೇಬಲ್ ಸೇತುವೆ, ಕೊನೆಗೆ ಗಚ್ಚಿಬೌಲಿಯ ಕ್ರೀಡಾಂಗಣ. ಹಳೆಯ ಕೆರೆಯಿಂದ ಹೊಸ ಬಡಾವಣೆಯವರೆಗೆ ನಗರದ ಇತಿಹಾಸವನ್ನೇ ಕಾಲಿನಿಂದ ಅಳೆಯುವ ಈ ದಾರಿಯಲ್ಲಿ, ಕಾಲು ಸೋತು ನಡೆಯತೊಡಗಿದವನ ಬೆನ್ನು ತಟ್ಟಿ ‘ಇನ್ನು ಸ್ವಲ್ಪವೇ’ ಎಂದು ತೆಲುಗಿನಲ್ಲೋ ಹಿಂದಿಯಲ್ಲೋ ಹೇಳಿ ಮುಂದೆ ಹೋಗುವ ಅಪರಿಚಿತರು ಉದ್ದಕ್ಕೂ ಸಿಗುತ್ತಾರೆ. ಆ ಮಾತು ಅನೇಕ ವೇಳೆ ನಿಜವಾಗಿರುವುದಿಲ್ಲ, ಆದರೂ ಅದರಿಂದ ಕಾಲಿಗೆ ಬಲ ಬರುತ್ತದೆ.

ಕೂಡಿ ಓಡುವುದು ಒಂಟಿಯಾಗಿ ಓಡುವುದಕ್ಕಿಂತ ಏಕೆ ಭಿನ್ನ ಎಂಬುದಕ್ಕೆ ವಿಜ್ಞಾನದ ಉತ್ತರವೂ ಸ್ವಲ್ಪಮಟ್ಟಿಗೆ ಉಂಟು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ದೋಣಿ ಹುಟ್ಟುಹಾಕುವ ಕ್ರೀಡಾಪಟುಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಷ್ಟೇ ಶ್ರಮವನ್ನು ಒಬ್ಬೊಬ್ಬರೇ ಪಟ್ಟಾಗಿನದಕ್ಕಿಂತ ತಂಡವಾಗಿ, ಲಯ ಕೂಡಿಸಿಕೊಂಡು ಪಟ್ಟಾಗ ಅವರ ನೋವು ತಾಳುವ ಶಕ್ತಿ ಹೆಚ್ಚಿತ್ತು. ದೇಹವೇ ತಯಾರಿಸುವ ನೋವುನಿವಾರಕಗಳಾದ ಎಂಡಾರ್ಫಿನ್‌ಗಳು ಕೂಡಿ ದುಡಿಯುವಾಗ ಹೆಚ್ಚಾಗಿ ಸ್ರವಿಸುತ್ತವೆಂಬುದು ಅವರ ಊಹೆ. ಪರೀಕ್ಷೆಗೆ ಒಳಗಾದವರು ಕೆಲವೇ ಮಂದಿಯಾದ್ದರಿಂದ ಇದನ್ನು ಕೊನೆಯ ಮಾತೆಂದು ಹಿಡಿಯಬೇಕಾಗಿಲ್ಲ. ಸರಳವಾದ ಕಾರಣವೂ ಒಂದಿದೆ. ಮಾತಾಡುತ್ತಲೇ ಓಡಬಲ್ಲ ನಿಧಾನ ಗತಿಯಲ್ಲಿ ಪಕ್ಕಪಕ್ಕದಲ್ಲಿ ಸಾಗುವ ಇಬ್ಬರು ಪರಸ್ಪರರ ಮುಖ ನೋಡಬೇಕಾಗಿಲ್ಲ, ಮೌನಕ್ಕೆ ಅಂಜಬೇಕಾಗಿಲ್ಲ, ಹುದ್ದೆಯನ್ನು ಹೇಳಿಕೊಳ್ಳಬೇಕಾಗಿಯೂ ಇಲ್ಲ. ಹಾಗಾಗಿ ಬೇರೆಡೆ ಬಾಯಿಗೆ ಬಾರದ ಮಾತುಗಳು ಅಲ್ಲಿ ಬರುತ್ತವೆ.

ಹೊಸಬರು ಈ ಗುಂಪಿನೊಳಗೆ ಬರಲು ಇರುವ ಮುಖ್ಯ ಬಾಗಿಲು ‘ಕೌಚ್ ಟು 5ಕೆ’ ಎಂಬ ಕ್ರಮ. ಅಮೆರಿಕದಲ್ಲಿ 1996ರಲ್ಲಿ ಜೋಶ್ ಕ್ಲಾರ್ಕ್ ಎಂಬವರು ರೂಪಿಸಿದ ಈ ಪಾಠಕ್ರಮದಲ್ಲಿ, ಕುಳಿತೇ ಬದುಕುವವರು ಮೊದಲ ವಾರ ಒಂದು ನಿಮಿಷ ಓಡಿ ಒಂದೂವರೆ ನಿಮಿಷ ನಡೆಯುತ್ತ, ವಾರವಾರಕ್ಕೂ ನಡಿಗೆಯನ್ನು ಕಡಿಮೆ ಮಾಡಿ ಓಟವನ್ನು ಹೆಚ್ಚಿಸುತ್ತ, ಒಂಬತ್ತು ವಾರಗಳಲ್ಲಿ 5 ಕಿಲೋಮೀಟರ್ ಓಡುವ ಮಟ್ಟಕ್ಕೆ ಬರುತ್ತಾರೆ. ಹೈದರಾಬಾದಿನ ಬಳಗ ಇದನ್ನು ಬೇರೆ ಬೇರೆ ಬಡಾವಣೆಗಳಲ್ಲಿ ಸ್ವಯಂಸೇವಕರ ಮೂಲಕ ನಡೆಸುತ್ತ ಬಂದಿದೆ. ಹಿಂದೆ ತಾವು ಕಲಿತವರೇ ಮುಂದೆ ಕಲಿಸುವವರಾಗುತ್ತಾರೆ ಎಂಬುದು ಇಲ್ಲಿನ ಗಟ್ಟಿ ಅಂಶ; ಬಳಗವೊಂದು ಬಹುಕಾಲ ಬಾಳುವುದು ಇಂಥ ಋಣದ ಸರಪಣಿಯಿಂದ.

ಇನ್ನು ಸೇವಾರ್ಥ ಓಟಗಳ ವಿಷಯ. ಓಟವನ್ನು ನಿಧಿಸಂಗ್ರಹಕ್ಕೆ ಜೋಡಿಸಿದ ಕಥೆಯಲ್ಲಿ ಕೆನಡಾದ ಟೆರ್ರಿ ಫಾಕ್ಸ್ ಮರೆಯಲಾಗದ ಹೆಸರು. ಮೂಳೆಯ ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡ ಈ ಯುವಕ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲೆಂದು 1980ರಲ್ಲಿ ಕೃತಕ ಕಾಲಿನಲ್ಲಿ ದೇಶವನ್ನು ದಾಟಲು ಹೊರಟು, 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿ, ರೋಗ ಶ್ವಾಸಕೋಶಕ್ಕೆ ಹರಡಿದ್ದರಿಂದ ನಿಲ್ಲಬೇಕಾಯಿತು. ಮರುವರ್ಷ ಜೂನ್‌ನಲ್ಲಿ, 22ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಅವನ ಹೆಸರಿನ ಓಟಗಳು ಅದೇ ವರ್ಷ ಆರಂಭವಾಗಿ ಜಗತ್ತಿನ ಅನೇಕ ದೇಶಗಳಿಗೆ ಹರಡಿದವು. 1981ರಲ್ಲೇ ಆರಂಭವಾದ ಲಂಡನ್ ಮ್ಯಾರಥಾನ್ ಈವರೆಗೆ ನೂರು ಕೋಟಿ ಪೌಂಡಿಗೂ ಮೀರಿ ಸೇವಾ ಸಂಸ್ಥೆಗಳಿಗೆ ಕೂಡಿಸಿಕೊಟ್ಟಿದೆ. ಭಾರತದಲ್ಲಿ 2004ರ ಮುಂಬೈ ಮ್ಯಾರಥಾನ್, 2008ರ ಬೆಂಗಳೂರಿನ 10 ಕಿಲೋಮೀಟರ್ ಓಟ ಈ ಪದ್ಧತಿಯನ್ನು ಬೇರೂರಿಸಿದವು.

ಹೈದರಾಬಾದಿನಲ್ಲಿ ಸೇವಾರ್ಥ ಓಟ ಹೆಚ್ಚಾಗಿ ಕ್ಯಾನ್ಸರ್ ಜಾಗೃತಿಯ ಸುತ್ತ ಬೆಳೆದಿದೆ. 2007ರಲ್ಲಿ ಹುಟ್ಟಿದ ಉಷಾಲಕ್ಷ್ಮಿ ಸ್ತನ ಕ್ಯಾನ್ಸರ್ ಪ್ರತಿಷ್ಠಾನದ ಗುಲಾಬಿ ರಿಬ್ಬನ್ ನಡಿಗೆ ಕೆಬಿಆರ್ ಉದ್ಯಾನದ ಬಳಿ ನಡೆಯುತ್ತ ಬಂದಿದೆ. ಗ್ರೇಸ್ ಕ್ಯಾನ್ಸರ್ ಪ್ರತಿಷ್ಠಾನದ ಓಟ ಗಚ್ಚಿಬೌಲಿಯಲ್ಲಿ ನಡೆಯುತ್ತದೆ. ಮನೆಯ ಹೆಂಗಸರು ತಮ್ಮ ಎದೆಯಲ್ಲಿನ ಗಂಟಿನ ವಿಷಯವನ್ನು ಗಂಡನಿಗೂ ಹೇಳದೆ ಮುಚ್ಚಿಡುವ ಸಮಾಜದಲ್ಲಿ, ಚಿಕಿತ್ಸೆ ಪಡೆದು ಬದುಕುಳಿದವರು ಗುಲಾಬಿ ಬಟ್ಟೆ ತೊಟ್ಟು ಹಗಲು ಬೆಳಕಿನಲ್ಲಿ ನಡುರಸ್ತೆಯಲ್ಲಿ ನಡೆಯುವುದಕ್ಕೆ ಕೂಡಿಬಂದ ಹಣಕ್ಕಿಂತ ಹೆಚ್ಚಿನ ಬೆಲೆಯಿದೆ.

ಇಲ್ಲಿ ಓದುಗರು ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಓಟದ ಪ್ರವೇಶ ಶುಲ್ಕ ಸಾಮಾನ್ಯವಾಗಿ ಅಂಗಿ, ಪದಕ, ನೀರು, ಸಮಯ ಅಳೆಯುವ ಚಿಪ್, ರಸ್ತೆಯ ಬಂದೋಬಸ್ತು ಮುಂತಾದ ಖರ್ಚಿಗೆ ಹೋಗುತ್ತದೆ. ಸೇವಾ ಸಂಸ್ಥೆಗೆ ನೇರವಾಗಿ ಸಲ್ಲುವುದು ಓಟಗಾರರು ತಮ್ಮ ಬಂಧುಮಿತ್ರರಿಂದ ಬೇರೆಯಾಗಿ ಕೂಡಿಸಿಕೊಡುವ ದೇಣಿಗೆ. ಆದ್ದರಿಂದ ಸಂಸ್ಥೆಯ ಹೆಸರು, ಅದರ ನೋಂದಣಿ, ಹಿಂದಿನ ವರ್ಷದ ಹಣ ಎಲ್ಲಿ ಖರ್ಚಾಯಿತೆಂಬ ವಿವರಗಳನ್ನು ಸ್ಪಷ್ಟವಾಗಿ ಹೇಳುವ ಓಟವನ್ನೇ ಆರಿಸಿಕೊಳ್ಳುವುದು ಲೇಸು. ಓಟದ ಹೆಸರಿನ ಜೊತೆಗೆ ಒಂದು ಘೋಷವಾಕ್ಯವನ್ನಷ್ಟೇ ಅಂಟಿಸಿಕೊಂಡ ಕಾರ್ಯಕ್ರಮಗಳು ಎಲ್ಲ ನಗರಗಳಲ್ಲೂ ಇವೆ, ಮತ್ತು ಅವು ನಿಜವಾಗಿ ದುಡಿಯುವವರಿಗೆ ಸಲ್ಲಬೇಕಾದ ವಿಶ್ವಾಸವನ್ನು ಸವೆಸುತ್ತವೆ.

ಬದುಕಿಗೆ ಒಂದು ಗುರಿ ಓಟದಿಂದ ದೊರೆಯಬಹುದೆಂಬುದಕ್ಕೆ ಪಂಜಾಬ್ ಮೂಲದ ಫೌಜಾ ಸಿಂಗ್ ದೊಡ್ಡ ನಿದರ್ಶನ. ಮಗನನ್ನು ಕಳೆದುಕೊಂಡ ದುಃಖದಿಂದ ಹೊರಬರಲು 80 ದಾಟಿದ ಮೇಲೆ ಓಡತೊಡಗಿದ ಅವರು, 2000ದಲ್ಲಿ ಲಂಡನ್ ಮ್ಯಾರಥಾನ್ ಓಡಿದ್ದು ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಆರೈಕೆಗೆ ನೆರವಾಗುವ ಸಂಸ್ಥೆಗಾಗಿ. ಆದರೆ ಸಾಮಾನ್ಯ ಓಟಗಾರರಿಗೆ ಇನ್ನೂ ಹತ್ತಿರದ ದಾರಿಗಳಿವೆ. ಅವುಗಳಲ್ಲಿ ಒಂದು ದೃಷ್ಟಿಯಿಲ್ಲದವರಿಗೆ ಜೊತೆಗಾರನಾಗಿ ಓಡುವುದು. ಇಬ್ಬರ ಕೈಗಳ ನಡುವೆ ಎರಡು ತುದಿಗೂ ಕುಣಿಕೆಯಿರುವ ಗಿಡ್ಡ ದಾರ. ಅದನ್ನು ಎಳೆಯಬಾರದು, ಜೋತುಬೀಳಲೂ ಬಿಡಬಾರದು. ತೋಳುಗಳ ಬೀಸು ಒಂದೇ ಲಯಕ್ಕೆ ಬರಬೇಕು, ರಸ್ತೆಯ ಉಬ್ಬು, ತಿರುವು, ನೀರಿನ ಮೇಜುಗಳನ್ನು ನಾಲ್ಕು ಹೆಜ್ಜೆ ಮೊದಲೇ ಬಾಯಲ್ಲಿ ಹೇಳಬೇಕು. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2018ರ ಜಕಾರ್ತಾ ಮತ್ತು 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡೆಗಳ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದದ್ದು ಇಂಥ ದಾರ ಹಿಡಿದೇ. ತನ್ನ ವೇಗವನ್ನು ಬಿಟ್ಟುಕೊಟ್ಟು ಇನ್ನೊಬ್ಬರ ವೇಗಕ್ಕೆ ಹೊಂದಿಕೊಳ್ಳುವುದನ್ನು ಕಲಿತ ಓಟಗಾರ ಮತ್ತೆ ಗಡಿಯಾರದ ಹಿಂದೆ ಹೋಗುವುದು ಅಪರೂಪ.

ಇಷ್ಟಾದರೂ ಈ ಬಳಗ ಇಡೀ ನಗರದ್ದಾಗಿಲ್ಲ. ನಸುಕಿನ ಐದಕ್ಕೆ ಮನೆಬಿಟ್ಟು ಹೊರಡಲು ಗಂಡಸಿಗೆ ಬೂಟು ಸಾಕು. ಹೆಂಗಸಿಗೆ ಬೀದಿದೀಪ ಬೇಕು, ಜೊತೆ ಬೇಕು, ಮನೆಯಲ್ಲಿ ಚಹಾ ತಿಂಡಿ ನೋಡಿಕೊಳ್ಳುವ ಇನ್ನೊಬ್ಬರು ಬೇಕು. ಸಾವಿರಾರು ರೂಪಾಯಿಯ ಬೂಟು, ಅದರ ಮೇಲೆ ಪ್ರವೇಶ ಶುಲ್ಕ ಎಂದರೆ ಮ್ಯಾರಥಾನಿಗೆ ಮುನ್ನಾರಾತ್ರಿ ಅದೇ ರಸ್ತೆಯನ್ನು ಗುಡಿಸಿದ ಪೌರಕಾರ್ಮಿಕರ ಕೈಗೆ ಎಟುಕುವಂಥದ್ದಲ್ಲ. ಓಟದ ಹಾದಿ ಚಾರ್‌ಮಿನಾರಿನ ಕಡೆಗಿಂತ ಗಚ್ಚಿಬೌಲಿಯ ಕಡೆಗೆ ಹೆಚ್ಚು ಹೊರಳಿರುವುದೂ ಕಣ್ಣಿಗೆ ಬೀಳುವ ಸಂಗತಿ. ಶುಲ್ಕವಿಲ್ಲದ ವಾರದ ಓಟಗಳು ಹಳೆಯ ನಗರದ ಶಾಲಾ ಮೈದಾನಗಳಿಗೂ ಹಬ್ಬಿದರೆ, ತಮ್ಮದೇ ಗಲ್ಲಿಯ ಹೆಂಗಸರಿಗೆ ಹೊತ್ತು ಮತ್ತು ಜಾಗ ಗೊತ್ತುಮಾಡಿಕೊಡುವ ಸ್ವಯಂಸೇವಕಿಯರು ಅಲ್ಲೇ ತಯಾರಾದರೆ, ಬಳಗದ ಮುಂದಿನ ಹತ್ತು ವರ್ಷಗಳ ಕೆಲಸಕ್ಕೆ ಕೊರತೆಯಾಗದು.